ತಗ್ಗಬೇಕಾದವರು ಯಾರು?

ಮಗಳು ಎಲೆಕ್ಟ್ರಿಕ್ ಗಿಟಾರನ್ನು ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ಕಂಪ್ಯೂಟರಿಗೆ ಜೋಡಿಸಿ ಧ್ವನಿಮುದ್ರಿಸುತ್ತಿದ್ದಳು. ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿತು. ಕೇಳಿದರೆ ನಾದವೆಲ್ಲ ಒಡೆದು ಕರಕರ. “ಮೆಲ್ಲಗೆ ನುಡಿಸಬಾರದೇನೆ?” ಎಂದೆ, ಅಭ್ಯಾಸಬಲದಿಂದ.

“ತಪ್ಪು ನನ್ನ ಕೈಯದಲ್ಲಮ್ಮ, ಇದರದು. ಕೇಳಿದ್ದನ್ನು ವಿಪರೀತ ಹಿಗ್ಗಿಸುತ್ತಿದೆ” ಎಂದು ಗೇನ್ ಗುಂಡಿಯನ್ನು ತಗ್ಗಿಸಿದಳು. ಅತಿ ಜೋರಾಗಿ ಮೀಟಿದಾಗಲೂ ನಾದ ಮೇಲಿನ ಮಿತಿಗಿಂತ 10-12 ಡೆಸಿಬೆಲ್ ಕೆಳಗೇ ಉಳಿಯುವಂತೆ ಮೊದಲೇ ಜಾಗ ಬಿಡಬೇಕಂತೆ. ತುದಿ ಕತ್ತರಿಸಿಹೋದ ನಾದವನ್ನು ಆಮೇಲೆ ಎಷ್ಟು ತಗ್ಗಿಸಿದರೂ ಒಡಕು ಹೋಗದು.

ಕಳೆದ ವರ್ಷ ಓದು ಬಿಡುತ್ತೇನೆಂದು ಅವಳು ಕೂಗಾಡಿದಾಗ ನನಗೆ ಕೂಗಷ್ಟೇ ಕೇಳಿತ್ತು, ಕಾರಣ ಕತ್ತರಿಸಿಹೋಗಿತ್ತು. ಹೆಣ್ಣುಮಕ್ಕಳಿಗೆ ಮೆಲ್ಲಗೆ ಮಾತಾಡಲು ಕಲಿಸುತ್ತೇವೆ. ಕೇಳುವ ನಮಗೆ ಕಲಿಸಿದವರು ಯಾರು? ಕಳೆದುಹೋದ ಆ ಮಾತನ್ನು ಇನ್ನೊಮ್ಮೆ ಹೇಳೆಂದು ನಾನೇ ಕೇಳಬೇಕು, ಈ ಸಲ ಒಳಗೆ ಜಾಗ ಬಿಟ್ಟುಕೊಂಡು.