ಮಾರುವವನ ಮೌನ

ಹಳೇ ಮೋಟಾರು ಕಾರನ್ನು ಮಾರುವವನು ತನಗೆ ಗೊತ್ತಿರುವ ಅದರ ಕುಂದನ್ನು ತಾನಾಗಿ ತಿಳಿಸಬೇಕೋ, ಅಥವಾ ಕೊಳ್ಳುವವನು ಕೇಳದೆ ಹೋದರೆ ಸುಮ್ಮನಿರಬಹುದೋ? ಸುಳ್ಳು ಹೇಳುವದು ತಪ್ಪೆಂದು ಎಲ್ಲರೂ ಒಪ್ಪುವರು. ಬಾಯಿ ಮುಚ್ಚಿಕೊಂಡಿರುವದೂ ಸುಳ್ಳಾದೀತೋ ಎಂಬದರಲ್ಲಿಯೇ ವಿವಾದವಿರುವದು. ಈ ವಿಷಯವು ಪಂಡಿತರಿಗೆ ಮಾತ್ರ ಸೇರಿದ್ದೆಂದು ವಾಚಕರು ಎಣಿಸಬಾರದು. ಯಾಕಂದರೆ ಅಡಿಕೆಯ ಹಣವನ್ನು ಕೂಡಿಟ್ಟು, ಅದು ಸಾಲದೆ ಒಡವೆಯನ್ನೂ ಅಡವಿಟ್ಟು, ಮಗನು ಓಡಿಸಿ ಜೀವನ ಮಾಡಲೆಂದು ಪಟ್ಟಣದಿಂದ ಹಳೇ ಗಾಡಿಯನ್ನು ತರುವ ಕುಟುಂಬಗಳು ನಮ್ಮ ಗ್ರಾಮಗಳಲ್ಲಿ ಉಂಟು. ಕಿಲೋಮೀಟರಿನ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿದ್ದೂ, ನೆರೆಯಲ್ಲಿ ಮುಳುಗಿದ ಇಂಜಿನನ್ನು ಒರಸಿ ಇಟ್ಟದ್ದೂ ಅವರಿಗೆ ತಿಳಿಯುವದು ಹಣವು ಕೈಬಿಟ್ಟ ಮೇಲೆಯೇ.

೧೮೭೨ನೇ ಇಸವಿಯ ಕರಾರು ಕಾಯಿದೆಯ ೧೭ನೇ ಕಲಮಿನಲ್ಲಿ ಇದಕ್ಕೆ ಒಂದು ಕುದುರೆಯ ದೃಷ್ಟಾಂತ ಕೊಡಲ್ಪಟ್ಟದೆ. ಒಬ್ಬನು ರೋಗವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರಿ ಅದರ ರೋಗದ ವಿಷಯ ಏನೂ ಹೇಳದಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಈಗತಾನೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ ಅವನು ಹೇಳಲೇಬೇಕು. ಇನ್ನು ಕೊಳ್ಳುವವನು, ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುವೆನು ಅಂದಾಗ, ಮಾರುವವನ ಮೌನವು ಮಾತಿಗೆ ಸಮವಾಗುವದು.

ಮಗಳಿಗೆ ಸತ್ಯ, ಪರರಿಗೆ ಮೌನ! ಇದು ನಮಗೆ ಪೂರಾ ಸಮಾಧಾನವನ್ನು ಕೊಡುವದಿಲ್ಲ. ಮಗಳಿಗೆ ಹೇಳಬೇಕಾದದ್ದು ಬರೇ ರಕ್ತಸಂಬಂಧದಿಂದಲೋ? ಅವಳು ಅರಿಯದವಳು, ನಂಬಿದವಳು ಎಂಬದರಿಂದಲೂ ಅಲ್ಲವೋ? ಹಾಗಾದರೆ ಇಂಜಿನಿನ ಒಳಗನ್ನು ಎಂದೂ ಕಾಣದ ರೈತನು ದಿನಾಲು ಹತ್ತು ಗಾಡಿಗಳನ್ನು ಬಿಚ್ಚಿ ನೋಡುವ ವ್ಯಾಪಾರಿಯ ಮುಂದೆ ನಿಂತಾಗ ಆ ಮಗಳಿಗಿಂತ ಎಷ್ಟು ಹೆಚ್ಚು ತಿಳಿದವನು? ಕಾಯಿದೆಯೂ ಇದನ್ನು ಸ್ವಲ್ಪಮಟ್ಟಿಗೆ ಒಪ್ಪಿದೆ. ೧೯೩೦ರ ಸರಕು ವಿಕ್ರಯ ಕಾಯಿದೆಯ ೧೬ನೇ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ವ್ಯಾಪಾರಿಯ ಜಾಣತನವನ್ನು ನಂಬಿ ಕೊಂಡದ್ದು ಸ್ಪಷ್ಟವಾಗಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕೆಂಬ ಷರತ್ತು ಹೇಳದೆಯೇ ಸೇರಿರುವದು.

ಮೀಟರು ತಿರುಗಿಸುವದಾಗಲಿ ಬಾಗಿದ ಚಾಸಿಗೆ ಬಣ್ಣ ಬಳಿಯುವದಾಗಲಿ ಮೌನವೇ ಅಲ್ಲ; ಅದು ಕೈಯಿಂದ ಹೇಳಿದ ಸುಳ್ಳು. ಅಂಥಾ ಕರಾರನ್ನು ಮೋಸಹೋದವನು ರದ್ದುಮಾಡಿ ಗಾಡಿಯನ್ನು ಹಿಂದಿರುಗಿಸಿ ಹಣ ಕೇಳಬಹುದು. ಆದರೆ ಮೋಸವನ್ನು ತಿಳಿದ ಮೇಲೂ ತಿಂಗಳುಗಟ್ಟಲೆ ಓಡಿಸುತ್ತಾ ಹೋದರೆ ಈ ಹಕ್ಕು ಕ್ಷೀಣಿಸುವದು. ಬರೇ ಮೌನದ ಸಂಗತಿಯಲ್ಲಿಯಾದರೋ, ಸಾಧಾರಣ ಜಾಗ್ರತೆಯಿಂದ ಕುಂದನ್ನು ಕಂಡುಕೊಳ್ಳಬಹುದಾಗಿತ್ತೆಂದು ತೋರಿದರೆ ಕರಾರು ರದ್ದಾಗದೆಂದು ೧೯ನೇ ಕಲಮು ಹೇಳುತ್ತದೆ. ಆದದರಿಂದ ಮೊದಲೇ ನಂಬಿಗಸ್ತ ಮೆಕ್ಯಾನಿಕನನ್ನು ಕರೆದುಕೊಂಡು ಹೋಗತಕ್ಕದ್ದು. ಅಪಘಾತವಾಗಿದೆಯೋ, ನೀರಿನಲ್ಲಿ ಮುಳುಗಿದೆಯೋ, ಸಾಲ ಬಾಕಿಯುಂಟೋ ಎಂದು ಒಂದೊಂದಾಗಿ ಕೇಳಿ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳತಕ್ಕದ್ದು. ಕೇಳಲು ಸಂಕೋಚಪಡುವದು ನಮ್ಮವರ ದೊಡ್ಡ ಬಲಹೀನತೆ. ೨೦೨೩ನೇ ಏಪ್ರಿಲ್ ೧ರಿಂದ ಹಳೇ ಗಾಡಿಗಳ ವ್ಯಾಪಾರಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರ ಬೇಕೆಂಬ ನಿಯಮವುಂಟಾದ್ದರಿಂದ ಅದನ್ನೂ ತೋರಿಸೆನ್ನಬಹುದು.

ವ್ಯಾಪಾರಿಯಿಂದ ಮೋಸಹೋದವನಿಗೆ ಜಿಲ್ಲಾ ಗ್ರಾಹಕರ ಆಯೋಗವುಂಟು. ೨೦೧೯ರ ಕಾಯಿದೆಯ ಪ್ರಕಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ, ವಕೀಲನಿಲ್ಲದೆಯೂ, ಎರಡು ವರುಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ತನ್ನ ಜೀವನೋಪಾಯಕ್ಕಾಗಿ ತಾನೇ ಓಡಿಸಲು ಕೊಂಡವನೂ ಗ್ರಾಹಕನೇ. ರಶೀದಿ, ಜಾಹೀರಾತು, ಫೋನಿನಲ್ಲಿ ಬಂದ ಸಂದೇಶ, ಮೆಕ್ಯಾನಿಕನ ವರದಿ ಇವುಗಳೇ ಅಲ್ಲಿ ಅವನ ಸಾಕ್ಷಿಗಳು.