ಪ್ರಸಾದದ ಅಳತೆ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತಸ್ಥಲದಲ್ಲಿ ಶ್ರದ್ಧೆಯನ್ನೂ ಮಹೇಶಸ್ಥಲದಲ್ಲಿ ನಿಷ್ಠೆಯನ್ನೂ ಪಡೆದ ಸಾಧಕನು ಇಲ್ಲಿ ಅವಧಾನವನ್ನು ಪಡೆಯಬೇಕೆಂದು ತಿಳಿದವರು ಹೇಳಿದ್ದಾರೆ. ಉಣ್ಣುವ ಅನ್ನ, ಕುಡಿಯುವ ನೀರು, ನೋಡುವ ರೂಪು, ಕೇಳುವ ಶಬ್ದ ಇವೆಲ್ಲವೂ ಮೊದಲು ಲಿಂಗಕ್ಕೆ ಸಂದು, ಬಳಿಕ ಪ್ರಸಾದವಾಗಿ ತನಗೆ ಮರಳಬೇಕು. ಈ ಮಾತನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗಿದ ಸದ್ಭಕ್ತರು ಅನೇಕರು. ಆದರೆ ಊಟದಲ್ಲಿ ಅವಧಾನ ತಪ್ಪಿದರೆ ಏನಾಗುವುದೆಂಬುದು ಮನೆಮನೆಗೂ ಅನುಭವಕ್ಕೆ ಬಂದದ್ದು ೨೦೨೦ನೆಯ ಇಸವಿಯ ಬೇಸಗೆಯಲ್ಲಿ.

ಆ ವರ್ಷದ ಮಾರ್ಚ್ ೨೫ ಚಾಂದ್ರಮಾನ ಯುಗಾದಿ. ಅದೇ ದಿನದಿಂದ ಕೊರೋನಾ ವ್ಯಾಧಿಯ ನಿಮಿತ್ತವಾಗಿ ದೇಶಕ್ಕೆಲ್ಲ ೨೧ ದಿನಗಳ ನಿರ್ಬಂಧ ಜಾರಿಗೆ ಬಂದಿತು. ಜನರ ಬಾಯಲ್ಲಿ ಅದಕ್ಕೆ ಲಾಕ್‌ಡೌನ್ ಎಂಬ ಹೆಸರೇ ನಿಂತಿತು. ಬೇವುಬೆಲ್ಲ ಹಂಚಿ ಹೋಳಿಗೆಗೆ ಒಲೆ ಹೊತ್ತಿಸುವ ಹೊತ್ತಿಗೆ ಬಸ್ಸುಗಳು ನಿಂತಿದ್ದವು, ಶಾಲೆಗಳು ಮುಚ್ಚಿದ್ದವು, ಸಂತೆ ಕೂಡುವಂತಿರಲಿಲ್ಲ. ೨೧ ದಿನಗಳೆಂದುದು ಮೇ ೩ಕ್ಕೆ ಬೆಳೆಯಿತು, ಮೇ ೧೭ಕ್ಕೆ ಬೆಳೆಯಿತು, ಕಡೆಗೆ ಮೇ ೩೧ಕ್ಕೆ ಹೋಗಿ ಮುಟ್ಟಿತು. ನಡುವೆ ಏಪ್ರಿಲ್ ೨೬ರಂದು ಬಂದ ಬಸವ ಜಯಂತಿಯೂ ಮೆರವಣಿಗೆಯಿಲ್ಲದೆ ಮನೆಯ ಜಗುಲಿಯೊಳಗೇ ನಡೆದುಹೋಯಿತು.

ಹಿಂದೆಯೂ ಈ ನಾಡಿಗೆ ಮಾರಿ ಬಂದದ್ದುಂಟು. ಪ್ಲೇಗಿನ ಕಾಲದಲ್ಲಿ ಹಳ್ಳಿಯ ಜನ ಊರನ್ನೇ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಯಲ ಗಾಳಿಯಲ್ಲಿ ಬದುಕುತ್ತಿದ್ದರು. ಈ ಮಾರಿಯಾದರೋ ಜನರನ್ನು ಬಯಲಿನಿಂದ ಮನೆಯೊಳಕ್ಕೆ ನೂಕಿತು. ಅಡುಗೆಮನೆಗೂ ನಡುಮನೆಗೂ ನಡುವಣ ಹತ್ತು ಹೆಜ್ಜೆಗಳೇ ಬಹುಮಂದಿಗೆ ದಿನದ ನಡಿಗೆಯಾದವು.

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಊರುಗಳಲ್ಲಿ ಈ ನಿರ್ಬಂಧವು ಎಲ್ಲರಿಗೂ ಒಂದೇ ತೆರನಾಗಿ ತಾಗಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಬೇಸಾಯದ ಕೆಲಸಕ್ಕೆ ಸರ್ಕಾರವು ಕೆಲವೇ ದಿನಗಳಲ್ಲಿ ವಿನಾಯಿತಿ ಕೊಟ್ಟಿತು. ಆದಕಾರಣ ಹೊಲಕ್ಕೆ ಹೋಗುವವನು ಹೋದನು. ಅಂಗಡಿಯವನು, ಉಪಾಧ್ಯಾಯನು, ಬಸ್ಸಿನ ಕಂಡಕ್ಟರನು, ಬೆಂಗಳೂರಿನ ಕೆಲಸ ಬಿಟ್ಟು ತಾಯ್ತಂದೆಗಳ ಮನೆಗೆ ಮರಳಿದ ಮಗನು ಇವರಿಗೆ ಮಾತ್ರ ಮಾಡಲು ಏನೂ ಇರಲಿಲ್ಲ. ಆದರೆ ಉಣ್ಣುವ ಅಭ್ಯಾಸ ಹಳೆಯದೇ. ಈ ಸೀಮೆಯ ಊಟವು ದುಡಿಯುವ ಮೈಗಾಗಿ ಹುಟ್ಟಿದ ಊಟ. ಮುದ್ದೆ, ಹುರುಳಿಯ ಸಾರು, ಶೇಂಗಾ ಚಟ್ನಿ ಇವು ನೇಗಿಲ ಹಿಂದೆ ನಡೆದವನನ್ನು, ಬಿಸಿಲಲ್ಲಿ ಕಳೆ ತೆಗೆದವಳನ್ನು ಸಂಜೆಯವರೆಗೆ ಹಿಡಿದು ನಿಲ್ಲಿಸತಕ್ಕವು. ಅದೇ ಮುದ್ದೆಯನ್ನುಂಡು ಮಧ್ಯಾಹ್ನ ಮಲಗಿ, ಎದ್ದು ಮಂಡಕ್ಕಿಗೆ ಕೈಹಾಕಿ, ಅದಕ್ಕೆ ಮೆಣಸಿನಕಾಯಿ ಬಜ್ಜಿ ಜೊತೆಗೂಡಿಸಿ, ಮಾರ್ಚ್ ೨೮ರಿಂದ ದೂರದರ್ಶನದಲ್ಲಿ ಮರಳಿ ಬರತೊಡಗಿದ ರಾಮಾಯಣವನ್ನು ನೋಡುತ್ತ ಚಕ್ಕುಲಿಯ ಡಬ್ಬಿಯನ್ನು ತೊಡೆಯ ಮೇಲಿರಿಸಿಕೊಂಡವರು ಎಷ್ಟೋ ಮಂದಿ. ವನವಾಸದಲ್ಲಿ ಗೆಡ್ಡೆಗೆಣಸು ತಿಂದವರ ಕಥೆಗೆ ಇದು ಹೊಂದುವ ಪಕ್ಕವಾದ್ಯವಲ್ಲ. ನಿರ್ಬಂಧ ಸಡಿಲವಾದಾಗ ಅಂಗಿಯ ಗುಂಡಿ ಕೂಡಲಿಲ್ಲ. ರವಿಕೆಯ ಹೊಲಿಗೆ ಬಿಚ್ಚಬೇಕಾಯಿತು.

ಇದರಲ್ಲಿ ಪವಾಡವೇನೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ, ೬೫ ಕಿಲೋ ತೂಕದ ಗಂಡಸು ಕಷ್ಟದ ದುಡಿಮೆ ಮಾಡಿದರೆ ಅವನಿಗೆ ದಿನಕ್ಕೆ ೩೪೭೦ ಕಿಲೋ ಕ್ಯಾಲೊರಿಯಷ್ಟು ಆಹಾರ ಬೇಕು. ಕುಳಿತು ಕಾಲ ಕಳೆದರೆ ೨೧೧೦ ಸಾಕು. ೫೫ ಕಿಲೋ ತೂಕದ ಹೆಂಗಸಿಗೆ ಈ ಲೆಕ್ಕ ೨೭೨೦ ಮತ್ತು ೧೬೬೦. ಎಂದರೆ ದುಡಿಯುವ ದಿನ ಐದು ತುತ್ತು ಉಂಡವನು ದುಡಿಯದ ದಿನ ಮೂರರಲ್ಲಿ ಕೈತೊಳೆಯಬೇಕು. ಉಳಿದೆರಡು ತುತ್ತು ಎಲ್ಲಿಗೂ ಹೋಗುವುದಿಲ್ಲ. ಆಗದೆ ಉಳಿದ ಕಾಯಕವಾಗಿ ಮೈಯಲ್ಲೇ ನಿಲ್ಲುತ್ತದೆ. ಇದು ನಿರ್ಬಂಧದ ಕಾಲದಲ್ಲೇ ಹುಟ್ಟಿದ ವ್ಯಾಧಿಯೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಮಿತಿಮೀರಿದ ತೂಕದವರು ೨೦೧೫–೧೬ರಲ್ಲಿ ನೂರಕ್ಕೆ ಸುಮಾರು ೨೩ ಇದ್ದವರು, ಬೀಗ ಬೀಳುವುದಕ್ಕೆ ಮುಂಚೆಯೇ ಸುಮಾರು ೩೦ಕ್ಕೆ ಏರಿದ್ದರು. ಗಂಡಸರೂ ಹಿಂದೆ ಬೀಳಲಿಲ್ಲ. ಮೊದಲೇ ಇಳಿಜಾರಿನಲ್ಲಿದ್ದ ಬಂಡಿಯನ್ನು ಆ ಬೇಸಗೆ ಮತ್ತಷ್ಟು ನೂಕಿತು.

ವೈದ್ಯನ ಮಾತು ಇಲ್ಲಿಗೆ ಮುಗಿಯಿತು. ಧರ್ಮದ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ. ಗೃಹಸ್ಥನೊಬ್ಬನು ನ್ಯಾಯವಾಗಿ ಗಳಿಸಿದ ಧಾನ್ಯವನ್ನು ತನ್ನ ಮನೆಯಲ್ಲಿ, ತನ್ನ ಮಕ್ಕಳೊಡನೆ ಕುಳಿತು, ಅಳತೆ ಮೀರಿ ಉಂಡರೆ ಅದು ಯಾರಿಗೆ ಮಾಡಿದ ಅಪರಾಧ? ಕದ್ದದ್ದಿಲ್ಲ, ಕಸಿದದ್ದಿಲ್ಲ. ಕೇಡಾದರೆ ಅವನ ಮೈಗೇ ಆಯಿತು. ಇದಕ್ಕೆ ದೋಷವೆಂಬ ಹೆಸರಿಡುವುದು ಸಲ್ಲುವುದೇ?

ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಒಬ್ಬ ಶರಣೆ ಎತ್ತಿದ್ದಳು. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ತಂದ ಅಕ್ಕಿ ನಿತ್ಯಕ್ಕಿಂತ ಹೆಚ್ಚಾಗಿತ್ತು. ಅವನ ಪತ್ನಿ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯನು ಮಾಡಿದ ತಪ್ಪೇನು? ಅದೂ ಅವನ ಕೈಯಿಂದಲೇ ಆಯ್ದ ಅಕ್ಕಿ; ಅದೂ ಜಂಗಮರ ಊಟಕ್ಕೇ ಸಲ್ಲತಕ್ಕದ್ದು. ಆದರೂ ಲಕ್ಕಮ್ಮನ ಕಣ್ಣಿಗೆ ಅಕ್ಕಿಯ ಜೊತೆಗೆ ಮತ್ತೊಂದು ವಸ್ತು ಹೊಸ್ತಿಲು ದಾಟುತ್ತಿರುವುದು ಕಂಡಿತು. ಸಾಮಾನ್ಯವಾಗಿ ಅದನ್ನು ಆಸೆಯೆಂದು ವಿವರಿಸುವುದುಂಟು. ಆಸೆಯ ಬೇರನ್ನು ಕೆದಕಿ ನೋಡಿದರೆ ಅಲ್ಲಿ ನಾಳೆಯ ಭಯವಿರುತ್ತದೆ. ಇಂದಿಗೆ ಸಾಲುವುದಿದ್ದರೂ ನಾಳೆಗೆ ಏನು ಗತಿಯೆಂಬ ಅಂಜಿಕೆಯೇ ಕೈಯನ್ನು ಮತ್ತೊಂದು ಹಿಡಿಗೆ ಚಾಚಿಸುವುದು.

೨೦೨೦ರ ಮಾರ್ಚ್ ೨೪ರ ರಾತ್ರಿ ಎಂಟು ಗಂಟೆಗೆ ನಿರ್ಬಂಧದ ಸುದ್ದಿ ಹೊರಬಿದ್ದೊಡನೆ ಅಂಗಡಿಗಳ ಮುಂದೆ ಜನ ನೆರೆದದ್ದನ್ನು ನೆನೆದರೆ ಲಕ್ಕಮ್ಮನ ಮಾತಿನ ಅರ್ಥ ತಿಳಿಯುವುದು. ಒಂದು ಚೀಲದ ಬದಲು ಎರಡು ಚೀಲ ಅಕ್ಕಿ, ಒಂದು ಡಬ್ಬ ಎಣ್ಣೆಯ ಬದಲು ಎರಡು. ಅಂದು ಮನೆಗೆ ಬಂದದ್ದು ಭಯ. ಮರುವಾರ ಹೊರಗೆ ಹೋಗಲಾರದ ಬೇಸರವು ಆ ಭಯದ ಮೂಟೆಯನ್ನು ಬಿಚ್ಚಿತು. ಕಂಡದ್ದನ್ನೆಲ್ಲ ತಿಂದವರನ್ನು ಹೊಟ್ಟೆಬಾಕರೆಂದು ಹೀಗಳೆಯುವುದು ಸುಲಭ; ಅವರಲ್ಲಿ ಬಹುಮಂದಿ ಹೊಟ್ಟೆಬಾಕರಾಗಿರಲಿಲ್ಲ, ಹೆದರಿದ್ದರು. ಹೆದರಿದವನ ಕೈ ಬಾಯಿಗೆ ಹೋಗುವುದು ಕೂಸಿನಿಂದ ಬಂದ ಅಭ್ಯಾಸ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಚಿತ್ರದುರ್ಗದ ಸೀಮೆ ಮಳೆ ಕಡಮೆಯಾದ ಸೀಮೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವೇ ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಕಾಣಲು ೨೦೨೨ರವರೆಗೆ ಕಾಯಬೇಕಾಯಿತು. ಇಂತಹ ನೆಲದಲ್ಲಿ ನಾಳೆಗೆಂದು ಕೂಡಿಡುವುದನ್ನು ಭಯವೆಂದು ಜರಿಯಬಹುದೇ? ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡಿದ ಹಿರಿಯರು ಮೂಢರೇ? ಆಕ್ಷೇಪವು ಗಟ್ಟಿಯಾದುದು, ಲಕ್ಕಮ್ಮನ ನಿಯಮವನ್ನು ಮಕ್ಕಳೊಂದಿಗನಾದ ಒಕ್ಕಲಿಗನು ಅಕ್ಷರಶಃ ನಡೆಸಲಾರನೆಂದು ಒಪ್ಪಲೇಬೇಕು. ಆದರೆ ಹಗೇವಿಗೂ ಡಬ್ಬಿಗೂ ಇರುವ ಅಂತರವನ್ನು ಮರೆಯಬಾರದು. ಹಗೇವು ನೆಲದೊಳಗಿರುವುದು, ಅದನ್ನು ತೆಗೆಯಲು ಹೊತ್ತು ನೋಡಬೇಕು, ನಾಲ್ವರು ಕೂಡಬೇಕು, ಕೆಟ್ಟ ಗಾಳಿ ಹೊರಹೋಗಲು ಬಿಡಬೇಕು. ಬರಗಾಲದಲ್ಲಿ ತೆರೆದ ಹಗೇವಿನ ಮುಂದೆ ನೆರೆಯವನೂ ಮೊರ ಹಿಡಿದು ನಿಲ್ಲುತ್ತಿದ್ದನು. ಡಬ್ಬಿಯ ಮುಚ್ಚಳ ತೆಗೆಯಲು ಎರಡು ಬೆರಳು ಸಾಕು. ನೆರೆಯವನಿಗೆ ಸದ್ದೂ ಕೇಳಿಸದು.

ಪ್ರಸಾದದ ವಿಚಾರ ಈ ಎರಡು ಬೆರಳಿಗೇ ಸಂಬಂಧಿಸಿದ್ದು. ಇಷ್ಟಲಿಂಗ ಪೂಜೆಯನ್ನು ತಪ್ಪದೆ ಮಾಡಿ, ಲಿಂಗಾರ್ಪಿತವಾಗಿಯೇ ಎರಡು ಹೊತ್ತಿನ ಊಟ ಮಾಡುವ ಗೃಹಸ್ಥನನ್ನು ಕೇಳಿದರೆ ತಾನು ಅನರ್ಪಿತವನ್ನು ಮುಟ್ಟುವವನಲ್ಲವೆಂದೇ ಹೇಳುವನು. ಅದು ಊಟದ ಮಟ್ಟಿಗೆ ಸತ್ಯ. ಆ ಎರಡು ಊಟಗಳ ನಡುವೆ ಬಾಯಿಗೆ ಹೋದ ಹಿಡಿ ಶೇಂಗಾ, ಅರ್ಧ ಕೋಡುಬಳೆ, ಮಗು ಬಿಟ್ಟ ಬಿಸ್ಕತ್ತು, ನಾಲ್ಕನೆಯ ಲೋಟ ಕಾಫಿ ಇವು ಯಾವಾಗ ಅರ್ಪಿತವಾದುವು? ಅರ್ಪಿಸಬೇಕಾದರೆ ಕೈ ಒಂದು ಕ್ಷಣ ತಡೆಯಬೇಕು; ತಡೆದ ಕೈ ತನಗೆ ಹಸಿವಿದೆಯೇ ಎಂದು ಕೇಳಿಕೊಳ್ಳದೆ ಇರಲಾರದು. ಶರಣರು ರುಚಿಯನ್ನು ಬಿಡೆಂದು ಹೇಳಿದವರಲ್ಲ. ರುಚಿಯನ್ನೂ ಲಿಂಗಕ್ಕೆ ಕೊಟ್ಟು ಉಣ್ಣೆಂದವರು. ತಾನು ತಿನ್ನುತ್ತಿದ್ದೇನೆಂಬ ಅರಿವೇ ಇಲ್ಲದೆ ತಿಂದವನು ಯಾವ ರುಚಿಯನ್ನು ತಾನೆ ಕೊಟ್ಟಾನು?

ಪ್ರಸಾದದ ಹೆಸರಿನಲ್ಲಿಯೇ ನಡೆಯುವ ಒಂದು ತಪ್ಪನ್ನೂ ಹೇಳಬೇಕಾಗಿದೆ. ಪ್ರಸಾದವನ್ನು ಚೆಲ್ಲಬಾರದೆಂಬುದು ಲಿಂಗವಂತರ ಮನೆಯ ದೃಢವಾದ ಸಂಸ್ಕಾರ. ಗಂಗಾಳವನ್ನು ತೊಳೆದು ಕುಡಿಯುವ ಹಿರಿಯರನ್ನು ಇಂದಿಗೂ ಕಾಣಬಹುದು. ಈ ಸಂಸ್ಕಾರದ ಭಾರವೆಲ್ಲ ಕಡೆಗೆ ಬೀಳುವುದು ಮನೆಯ ತಾಯಿಯ ಮೇಲೆ. ಮಕ್ಕಳು ಬಿಟ್ಟದ್ದು, ಪಾತ್ರೆಯ ತಳದಲ್ಲಿ ಉಳಿದದ್ದು, ನಿನ್ನೆಯದು, ಎಲ್ಲವನ್ನೂ ಎಸೆಯಲಾರದೆ ಆಕೆ ತನ್ನ ಹೊಟ್ಟೆಗೆ ಹಾಕಿಕೊಳ್ಳುವಳು. ನಿರ್ಬಂಧದ ದಿನಗಳಲ್ಲಿ ಗಂಡಸರ ಕಾಯಕ ನಿಂತಿತು, ಆಕೆಯದು ಇಮ್ಮಡಿಯಾಯಿತು. ಮನೆಮಂದಿ ದಿನಕ್ಕೆ ಆರು ಸಲ ಬಾಯಾಡಿಸಿದರೆ ಒಲೆಯ ಮುಂದೆ ಆರು ಸಲ ನಿಂತವಳು ಯಾರು? ಇಷ್ಟಾಗಿಯೂ ತೂಕ ಹೆಚ್ಚಿತೆಂಬ ಹಾಸ್ಯಕ್ಕೆ ಮೊದಲು ಗುರಿಯಾದವಳೂ ಆಕೆಯೇ. ಚೆಲ್ಲಬಾರದೆಂಬ ನಿಯಮವು ಉಣ್ಣುವುದಕ್ಕೆ ಮೊದಲೇ ಅಳೆಯಬೇಕೆಂಬ ಮತ್ತೊಂದು ನಿಯಮದ ಜೋಡಿ. ಹಿಂದಿನವರು ತಲೆಗೆ ಇಷ್ಟೆಂದು ಪಾವಿನಲ್ಲಿ ಅಳೆದು ಅಕ್ಕಿ ಹಾಕುತ್ತಿದ್ದರು. ಪಾವು ಅಟ್ಟ ಸೇರಿದೆ; ಹೊಟ್ಟೆಯನ್ನು ಕಸದ ಬುಟ್ಟಿ ಮಾಡಿಕೊಂಡು ಅದಕ್ಕೆ ಪ್ರಸಾದನಿಷ್ಠೆಯೆಂಬ ಹೆಸರು ಕೊಡುವುದು ಸರಿಯಲ್ಲ. ಲಕ್ಕಮ್ಮನು ಅಳೆದದ್ದು ಅನ್ನವಾದ ಮೇಲಲ್ಲ, ಅಕ್ಕಿಯಾಗಿರುವಾಗಲೇ.

ಅಪರಾಧ ಯಾರಿಗೆಂಬ ಮೊದಲಿನ ಪ್ರಶ್ನೆಗೆ ಮರಳಬೇಕು. ಅದೇ ಬೇಸಗೆಯಲ್ಲಿ ಅದೇ ಊರಿನ ಮತ್ತೊಂದು ಬೀದಿಯಲ್ಲಿ ಒಲೆ ಒಂದೇ ಹೊತ್ತು ಉರಿಯುತ್ತಿತ್ತು. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರನ್ನು ಮುಟ್ಟಿಯೇ ಹೋಗುತ್ತದೆ. ಆ ಹೆದ್ದಾರಿಯ ಲಾರಿ, ಹೋಟೆಲು, ಕಟ್ಟಡದ ಕೆಲಸಗಳನ್ನು ನಂಬಿದ ಕೂಲಿಯವನಿಗೆ ದುಡಿಮೆ ತಟ್ಟನೆ ನಿಂತಿತು. ಸರ್ಕಾರವು ಪಡಿತರದ ತಲೆಗೆ ತಿಂಗಳಿಗೆ ೫ ಕಿಲೋ ಅಕ್ಕಿಯನ್ನು ಹೆಚ್ಚಾಗಿ ಕೊಟ್ಟದ್ದು ನಿಜ. ಉದ್ಯೋಗ ಖಾತರಿಯ ಕೆಲಸಗಳು ಏಪ್ರಿಲ್ ೨೦ರ ಬಳಿಕ ಮೆಲ್ಲಗೆ ತೆರೆದದ್ದೂ, ದಿನಗೂಲಿ ೨೭೫ ರೂಪಾಯಿಯಾದದ್ದೂ ನಿಜ. ಆದರೆ ಅಕ್ಕಿಯ ಜೊತೆಗೆ ಬೇಳೆ ಬೇಕು, ಎಣ್ಣೆ ಬೇಕು, ಮಗುವಿಗೆ ಹಾಲು ಬೇಕು. ಒಂದು ಬೀದಿಯಲ್ಲಿ ರವಿಕೆಯ ಹೊಲಿಗೆ ಬಿಚ್ಚಿಸಿದ ತಿಂಗಳಲ್ಲಿಯೇ ಇನ್ನೊಂದು ಬೀದಿಯಲ್ಲಿ ತಾಳಿಯ ಗುಂಡು ಗಿರವಿಗೆ ಹೋಯಿತು. ಮೊದಲನೆಯ ಮನೆಯ ಅಧಿಕ ತುತ್ತೇ ಎರಡನೆಯ ಮನೆಯ ಹಸಿವಿಗೆ ಕಾರಣವೆಂದು ಹೇಳಿದರೆ ಅದು ಸರಳವಾದ ಸುಳ್ಳು. ಆದರೆ ದಾಸೋಹವೆಂಬುದು ಕಾರಣ ಯಾರೆಂದು ಹುಡುಕುವುದಿಲ್ಲ. ಅದು ತನ್ನ ಪಾತ್ರೆಯಲ್ಲಿ ಹೆಚ್ಚಿನದೆಷ್ಟು ಎಂದು ಮಾತ್ರ ಕೇಳುತ್ತದೆ. ಹೆಚ್ಚಿನದನ್ನು ಮೈಯೊಳಗೆ ಹುದುಗಿಸಿಟ್ಟವನು ಆ ಪ್ರಶ್ನೆಗೆ ಉತ್ತರ ಹೇಳಲು ಸಾಧ್ಯವಾಗದಂತೆ ಮಾಡಿಕೊಂಡನು. ತುಮಕೂರು ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ೨೦೧೯ರ ಜನವರಿ ೨೧ರಂದು ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸಾವಿರಾರು ಮಕ್ಕಳ ಪಂಕ್ತಿಯನ್ನು ನಿತ್ಯವೂ ನಡೆಸಿದ ಅವರ ಸ್ವಂತ ಆಹಾರವು ಎಷ್ಟು ಕಿರಿದಾಗಿತ್ತೆಂಬುದು ನಾಡಿಗೆಲ್ಲ ತಿಳಿದ ಮಾತು.

ಇಷ್ಟು ಹೇಳಿದ ಮೇಲೆ ಮೈಯನ್ನು ಹಳಿಯಲು ಹೊರಡುವವರಿಗೂ ಒಂದು ಮಾತು. ಬೆಳೆದ ಹೊಟ್ಟೆಯನ್ನು ಕಂಡು ನಾಚಿ, ವಾರಗಟ್ಟಲೆ ನಿರಾಹಾರವಿದ್ದು ಮೈಯನ್ನು ದಂಡಿಸಿಕೊಂಡವರೂ ಆಗ ಇದ್ದರು. ಕಾಯವನ್ನು ಒಣಗಿಸುವುದೇ ತಪಸ್ಸೆಂಬ ಮತವನ್ನು ಶರಣರು ಒಪ್ಪಲಿಲ್ಲ. ಶಿವನಿಗೆ ಮನೆಯಾಗಬೇಕಾದ ಶರೀರವು ಕಾಯಕಕ್ಕೆ ಒದಗುವಂತಿರಬೇಕು, ಅಷ್ಟೆ. ತೆಳ್ಳಗಿರುವವರೆಲ್ಲ ಪ್ರಸಾದಿಗಳೂ ಅಲ್ಲ. ವಂಶದಿಂದಲೋ ವ್ಯಾಧಿಯಿಂದಲೋ ಔಷಧದಿಂದಲೋ ಮೈ ತುಂಬಿದವರು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ತಕ್ಕಡಿಯು ತೂಕವನ್ನು ಹೇಳುವುದೇ ಹೊರತು ತುತ್ತು ಅರ್ಪಿತವಾಯಿತೋ ಇಲ್ಲವೋ ಎಂಬುದನ್ನು ಹೇಳಲಾರದು.

೨೦೨೧ರ ಏಪ್ರಿಲ್ ಕಡೆಯಲ್ಲಿ ರಾಜ್ಯಕ್ಕೆ ಮತ್ತೊಮ್ಮೆ ಬೀಗ ಬಿದ್ದಿತು. ಆ ಸಲ ಮನೆಮನೆಗೂ ಸಾವು ಹತ್ತಿರ ಬಂದುದರಿಂದ ತಿಂಡಿಯ ಮಾತಾಡುವ ಮನಸ್ಸು ಯಾರಿಗೂ ಇರಲಿಲ್ಲ. ಈಗ ಬೀಗಗಳೆಲ್ಲ ತೆರೆದು ವರ್ಷಗಳಾದುವು. ಕಾಯಕಗಳು ಮರಳಿ ಬಂದಿವೆ. ಊಟಗಳ ನಡುವೆ ಬಾಯಾಡಿಸುವ ಅಭ್ಯಾಸ ಮಾತ್ರ ಹಲವು ಮನೆಗಳಲ್ಲಿ ಉಳಿದುಕೊಂಡಿದೆ. ಮಾರಯ್ಯನ ಕಥೆಯನ್ನು ಹೇಳುವವರು ಲಕ್ಕಮ್ಮನ ಮಾತಿನ ಬಳಿಕ ಬೇಗನೆ ಮುಂದಕ್ಕೆ ಹೋಗಿಬಿಡುವರು. ಆದರೆ ಅವನು ಉಡಿಯ ಅಕ್ಕಿಯೊಡನೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ಕಂಡವರಿಗೆಲ್ಲ ಕಾರಣ ಹೇಳುತ್ತ, ಆಯ್ದ ಕಾಳನ್ನು ಆಯ್ದಲ್ಲಿಯೇ ಸುರಿದು ಬರಬೇಕಾಯಿತು. ಅಂದಿನ ಅಡುಗೆ ಸ್ವಲ್ಪ ತಡವಾಗಿಯೇ ಆಗಿರಬೇಕು.