ಮೊದಲು ಅರಿಕೆ, ಆಮೇಲೆ ಪರಿಹಾರ

ಧ್ಯಾನಭಾಗ: ಅರಣ್ಯಕಾಂಡ 5ನೆಯ ಅಧ್ಯಾಯ, 5ರಿಂದ 8ನೆಯ ವಚನಗಳು



ಒಬ್ಬನು ಮತ್ತೊಬ್ಬನಿಗೆ ನಷ್ಟವನ್ನುಂಟುಮಾಡಿದರೆ ಏನು ಮಾಡತಕ್ಕದ್ದೆಂದು ಕರ್ತನು ಮೋಶೆಯ ಮೂಲಕ ತಿಳಿಸಿದ ಕ್ರಮವನ್ನು ಲಕ್ಷ್ಯವಿಟ್ಟು ನೋಡಿರಿ. ಮೊದಲು ಅವನು ತಾನು ಮಾಡಿದ್ದನ್ನು ಅರಿಕೆಮಾಡಬೇಕು. ಆಮೇಲೆ ಮೂಲಧನವನ್ನೂ ಅದರ ಐದರಲ್ಲೊಂದು ಪಾಲನ್ನೂ ಕೂಡಿಸಿ ಕೊಡಬೇಕು. ಹಣವು ಎರಡನೆಯದು. ಬಾಯಿ ತೆರೆಯದೆ ಹಣದ ಚೀಲವನ್ನು ಮುಂದಿಟ್ಟು ಹೋಗುವವನಿಗೆ ಈ ಶಾಸ್ತ್ರದಲ್ಲಿ ದಾರಿಯಿಲ್ಲ.

ಇದನ್ನು ಈಗ ಹೇಳಲು ಕಾರಣವುಂಟು. 2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಕೆಲವು ತಾಯಂದಿರ ಸ್ಥಿತಿ ಕೆಟ್ಟು, ಒಬ್ಬರ ಹಿಂದೊಬ್ಬರಂತೆ ಐವರು ತೀರಿಹೋದರು. (ನಮ್ಮ ಭಾಷೆಗೆ ಸತ್ಯವೇದವನ್ನು ತಿರುಗಿಸಿದ ಜಾನ್ ಹ್ಯಾಂಡ್ಸರು 1810ರಲ್ಲಿ ಬಂದು ನೆಲಸಿದ ಊರು ಅದೇ.) ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನಿನ ಮೇಲೆ ಸಂಶಯ ಬಿದ್ದಿತು. ಅದೇ ಕಂಪನಿಯ ಕೆಲವು ಬ್ಯಾಚುಗಳು ಗುಣಮಟ್ಟದವಲ್ಲವೆಂದು ರಾಜ್ಯದ ಪರೀಕ್ಷಾಲಯವು ಮುಂಚೆಯೇ ಹೇಳಿತ್ತು. ಕೇಂದ್ರದ ಪರೀಕ್ಷಾಲಯವು ಸರಿಯೆಂದಿತು. ತಡೆದಿಟ್ಟಿದ್ದ ಬಾಟಲಿಗಳು ತಿರಿಗಿ ವಾರ್ಡುಗಳಿಗೆ ಬಂದವು. ಈ ಭೇದಾಭಿಪ್ರಾಯವು ಕಾಗದಗಳಲ್ಲಿತ್ತು. ಮಂಚದ ಮೇಲೆ ಮಲಗಿದ್ದ ಬಾಣಂತಿಗೆ ಅದನ್ನು ಹೇಳಿದವರು ಯಾರು?

ಸರಕಾರವು ಸುಮ್ಮನಿರಲಿಲ್ಲ. ಔಷಧ ನಿಯಂತ್ರಕರನ್ನು ಅಮಾನತುಮಾಡಿತು. ತೀರಿಹೋದವರ ಮನೆಗಳಿಗೆ ಮೊದಲು 2 ಲಕ್ಷ, ಆಮೇಲೆ 5 ಲಕ್ಷ ರೂಪಾಯಿ ಪರಿಹಾರವನ್ನು ಪ್ರಕಟಿಸಿತು. ರಾಜ್ಯದ ತಾಯಿಮರಣಗಳನ್ನೆಲ್ಲಾ ಪರಿಶೋಧಿಸಿತು. 2024ರ ಏಪ್ರಿಲಿನಿಂದ ಡಿಸೆಂಬರಿನ ವರೆಗೆ ಸತ್ತ 464 ತಾಯಂದಿರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯ ಮರಣವನ್ನು ತಪ್ಪಿಸಬಹುದಾಗಿತ್ತೆಂದು ಆ ವರದಿಯು ಒಪ್ಪಿಕೊಂಡಿತು. ಇದು ದೊಡ್ಡ ಅರಿಕೆಯೇ, ಮೆಚ್ಚತಕ್ಕದ್ದು. ಆದರೆ ಅದು ಲೋಕಕ್ಕೆಲ್ಲಾ ಮಾಡಿದ ಅರಿಕೆ. ಶಾಸ್ತ್ರವು ಕೇಳುವದು ನಷ್ಟಪಟ್ಟವನ ಮನೆಬಾಗಲಿಗೆ ಹೋಗುವದನ್ನು. ಆ ಹೆಂಗಸಿಗೆ ಏನು ಕೊಟ್ಟರು, ಎಷ್ಟು ಹೊತ್ತಿಗೆ ಕೆಟ್ಟಿತು, ಯಾರು ಕಂಡರು ಎಂಬದನ್ನು ಅವಳ ಗಂಡನ ಎದುರಿಗೆ ಕೂತು, ಅವನ ಮಾತಿನಲ್ಲಿ ಹೇಳಬೇಕು.

ಎಂಟನೆಯ ವಚನವು ಇನ್ನೂ ಕಠಿಣವಾದದ್ದು. ನಷ್ಟಪಟ್ಟವನು ಇಲ್ಲದೆ ಹೋಗಿ, ಅವನ ಬಂಧುವೂ ಇಲ್ಲದಿದ್ದರೆ ಋಣ ತೀರಿತೆಂದು ದೇವರು ಹೇಳಲಿಲ್ಲ. ಅದು ಕರ್ತನಿಗೇ ಸಲ್ಲತಕ್ಕದ್ದು. ಹೀಗಿರಲಾಗಿ, ಬಾಣಂತಿ ಮಣ್ಣಿಗೆ ಸೇರಿದಳೆಂದು ಕಡತವನ್ನು ಕಟ್ಟಿಡುವವರು ಏನು ಹೇಳುವರು? ಅವಳ ಕೂಸು ದೊಡ್ಡದಾಗಿ, ನನ್ನವ್ವ ಯಾಕೆ ಸತ್ತಳೆಂದು ಒಂದು ದಿನ ಕೇಳುವದು.

ಆದರೂ ವೈದ್ಯನ ಮೇಲೆ ಕೈಮಾಡತಕ್ಕದ್ದಲ್ಲ. ಕಲ್ಲು ಹಿಡಿದು ನಿಂತವರ ಮುಂದೆ ಯಾರೂ ನಿಜ ಹೇಳರು. ಮುಚ್ಚಿಡುವದಕ್ಕೆ ನಾವೇ ನೆವ ಕೊಟ್ಟಂತಾಗುವದು. ಎಲ್ಲಾ ಮರಣವೂ ತಪ್ಪಿನಿಂದಲೇ ಆಗುವದಿಲ್ಲ.

ಗುಂಡಗುರ್ತಿಯಿಂದ ಚಿತ್ತಾಪುರಕ್ಕೋ ಕಲಬುರಗಿಗೋ ಹೆರಿಗೆಗೆ ಹೋಗುವ ಮನೆಯವರು ಇದನ್ನು ತಿಳಿದಿರಲಿ: ವೈದ್ಯರ ನಡತೆಯ ಕುರಿತಾದ 2002ರ ನಿಯಮದ ಪ್ರಕಾರ, ರೋಗಿಯಾಗಲಿ ಅವಳ ಪರವಾಗಿ ಅಧಿಕಾರವುಳ್ಳವರಾಗಲಿ ಕೇಳಿದರೆ ಚಿಕಿತ್ಸೆಯ ಕಾಗದಪತ್ರಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಬರೆದು ಕೇಳಿರಿ. ಅಕ್ಷರ ಬಾರದ ಮನೆಯವರಾದರೆ ಸಭೆಯ ಹಿರಿಯರಲ್ಲಿ ಒಬ್ಬರು ಜೊತೆಗೆ ಹೋಗಲಿ. ಕಾಗದವನ್ನು ತಾವೇ ಓದಿ, ತಿಳಿಯದ ಮಾತಿನ ಅರ್ಥವನ್ನು ಅಲ್ಲಿಯೇ ವೈದ್ಯರನ್ನು ವಿನಯದಿಂದ ಕೇಳಲಿ.